ಗುಣವತಿಯೋ, ಧೀರೆಯೋ?

ಕಳೆದ ವೈಶಾಖದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯ ವಿವಾಹದ ನಿಮಿತ್ತವಾಗಿ ಗೋಕಾಕದ ಕಡೆಯ ಕ್ರೈಸ್ತದೇವಾಲಯವೊಂದಕ್ಕೆ ಹೋಗುವ ಪ್ರಸಂಗವೊದಗಿತು. ಸಭಾಪಾಲಕರು ವಧೂವರರನ್ನು ಎದುರಿಗೆ ನಿಲ್ಲಿಸಿಕೊಂಡು, ಜ್ಞಾನೋಕ್ತಿಗಳ 31ನೆಯ ಅಧ್ಯಾಯದಲ್ಲಿಯ ಸತೀಪ್ರಶಂಸೆಯನ್ನು ಓದಿದರು. ಆ ಸತಿಯು ಇನ್ನೂ ಕತ್ತಲಿರುವಾಗಲೇ ಏಳುವಳು. ರಾತ್ರಿಯಲ್ಲಿಯೂ ಆಕೆಯ ದೀಪವು ಆರದು. ನೂಲುವಳು, ಹೊಲವನ್ನು ಕೊಳ್ಳುವಳು, ದ್ರಾಕ್ಷಿಯ ತೋಟವನ್ನಿಡುವಳು. ನನ್ನ ಸಮೀಪದಲ್ಲಿ ಕೈಗೂಸಿನೊಡನೆ ಕುಳಿತಿದ್ದ ಮೂಡಲಗಿಯ ತಾಯಿಯೊಬ್ಬಳು ಮೆಲ್ಲನೆ ಕೇಳಿದಳು: “ಮಾಸ್ತರ್ರೀ, ದೀಪಾನs ಆರೂದಿಲ್ಲಂದ್ರ ಆಕಿ ಮಲಗೂದು ಯಾವಾಗ್ರಿ?”

ಅಂದು ನಕ್ಕು ಸುಮ್ಮನಾದೆನು. ಆದರೆ ಮನೆಗೆ ಬಂದು ಗ್ರಂಥವನ್ನು ತೆರೆಯದೆ ಇರಲಾಗಲಿಲ್ಲ. ಲಂಡನ್ ಮಿಶನ್ನಿನ ಜೋಸೆಫ್ ಟೇಲರರು ಬೆಳಗಾವಿಗೆ ಬಂದುದು 1820ರಲ್ಲಿ. ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ ಸಮಗ್ರ ಬೈಬಲ್ಲು ಬಳ್ಳಾರಿಯಲ್ಲಿ ಕನ್ನಡವಾದುದು 1831ರ ವೇಳೆಗೆ. ಇಷ್ಟು ಕಾಲ ನಮ್ಮ ನುಡಿಯಲ್ಲಿ ಬಾಳಿದ ಗ್ರಂಥವನ್ನು ಕನ್ನಡ ವಾಙ್ಮಯವೆಂದೇ ವಿಮರ್ಶಿಸುವುದು ಯುಕ್ತವು.

ಮೊದಲನೆಯದು ಶಬ್ದವಿಚಾರ. ಕನ್ನಡದಲ್ಲಿ ಈ ಸತಿಯನ್ನು ‘ಗುಣವತಿ’ ಎಂದಿದ್ದಾರೆ. ಮೂಲ ಹೀಬ್ರೂವಿನ ‘ಹಯಿಲ್’ ಶಬ್ದಕ್ಕೆ ಬಲ, ಪರಾಕ್ರಮ, ಸೈನ್ಯವೆಂಬ ಅರ್ಥಗಳುಂಟು; ಯೋಧರಿಗೂ ಅದೇ ವಿಶೇಷಣವು. ನಮ್ಮ ಮನೆಗಳಲ್ಲಿ ‘ಗುಣವತಿ’ ಎಂದರೆ ಸಹಿಸಿಕೊಂಡು ಹೋಗುವವಳು ಎಂದೇ ಭಾವನೆ. ‘ಧೀರೆ’ ಎಂದಿದ್ದರೆ ಮೂಲದ ಓಜಸ್ಸು ಉಳಿಯುತ್ತಿತ್ತು.

ಎರಡನೆಯದು ಬಂಧವಿಚಾರ. ಈ ಭಾಗವು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಂದ ಕ್ರಮವಾಗಿ ಆರಂಭವಾಗುವ 22 ವಚನಗಳ ಮಾಲೆ; ನಮ್ಮ ಅಕ್ಷರಮಾಲಾಸ್ತೋತ್ರಗಳ ಜಾತಿಯದು. ಸ್ತೋತ್ರವು ಒಂದು ಆಯುಷ್ಯದ ಸಾರವನ್ನು ಒಂದೆಡೆ ಪೋಣಿಸುತ್ತದೆ. ಅದನ್ನು ಒಂದು ದಿನದ ದಿನಚರಿಯೆಂದು ಓದುವುದು ರಸಭಂಗವಷ್ಟೇ ಅಲ್ಲ, ಅನ್ಯಾಯವು. ಈ ಮನೆಯಲ್ಲಿ ದಾಸಿಯರೂ ಇದ್ದಾರೆ; ಮಕ್ಕಳಾದರೋ ಎದ್ದು ನಿಂತು ತಾಯಿಯನ್ನು ಕೊಂಡಾಡುವಷ್ಟು ಬೆಳೆದಿದ್ದಾರೆ. ತೊಟ್ಟಿಲ ಕೂಸಿನ ತಾಯಿಯನ್ನು ಈ ಒರೆಗಲ್ಲಿಗೆ ತಿಕ್ಕಬಹುದೆ?

ಇನ್ನೊಂದು ಸಂಗತಿ. ಈ ಅಧ್ಯಾಯದ ಆರಂಭವು, ಲೆಮುವೇಲನೆಂಬ ಅರಸನಿಗೆ ಅವನ ತಾಯಿಯು ಮಾಡಿದ ಉಪದೇಶವೆಂದು ಹೇಳುತ್ತದೆ. ಸತೀಪ್ರಶಂಸೆಯೂ ಆ ಉಪದೇಶದ ಶೇಷವೆಂದು ಗ್ರಹಿಸಿದರೆ, ಕೇಳುವವನು ವರನು, ವಧುವಲ್ಲ!

ಹಾಗಾದರೆ ಎಳೆಯ ಮಕ್ಕಳ ತಾಯಿಗೆ ಆ ಗ್ರಂಥದಲ್ಲಿ ಆದರ್ಶವಿಲ್ಲವೆ? ಉಂಟು; ಸಮುವೇಲನ ತಾಯಿಯಾದ ಹನ್ನಳು. ಬೇಡಿ ಪಡೆದ ಮಗನು ಮೊಲೆ ಬಿಡುವವರೆಗೂ ಆಕೆ ಶಿಲೋವಿನ ವಾರ್ಷಿಕ ಯಜ್ಞಕ್ಕೆ ಹೋಗಲೊಲ್ಲಳು. ಪತಿಯಾದ ಎಲ್ಕಾನನು ಗದರಿಸಲಿಲ್ಲ. ನಿನಗೆ ಸರಿದೋರಿದಂತೆ ಮಾಡೆಂದನು. ದೇವಕಾರ್ಯಕ್ಕಿಂತ ಹಾಲೂಡುವುದು ಹಗುರವಲ್ಲವೆಂಬುದು ಇಲ್ಲಿಯ ಧ್ವನಿ. ಮಗನನ್ನು ದೇವಸೇವೆಗೆ ಒಪ್ಪಿಸಿದ ಮೇಲೆಯೂ ಆಕೆ ಪ್ರತಿವರ್ಷ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ಒಯ್ಯುತ್ತಿದ್ದಳು. ಸಂಕಲ್ಪಪೂರ್ವಕವಾದ ಮಾತೃತ್ವಕ್ಕೆ ಆ ಅಂಗಿಗಿಂತ ಸುಂದರವಾದ ಪ್ರತೀಕವನ್ನು ನಾನು ಕಾಣೆನು.

ಮಾರ್ಕಂಡೇಯಪುರಾಣದ ಮದಾಲಸೆಯು ಇಲ್ಲಿ ಸಹಜವಾಗಿ ನೆನಪಾಗುತ್ತಾಳೆ. ಮೊದಲ ಮೂವರು ಮಕ್ಕಳಿಗೆ ಜೋಗುಳದಿಂದಲೇ ವೈರಾಗ್ಯವನ್ನು ಬೋಧಿಸಿದ ಆಕೆ, ಋತಧ್ವಜನು ಪ್ರಾರ್ಥಿಸಲಾಗಿ ನಾಲ್ಕನೆಯವನಾದ ಅಲರ್ಕನಿಗೆ ರಾಜಧರ್ಮವನ್ನು ಕಲಿಸಿದಳು. ಅಲ್ಲಿ ಪತಿಯ ಮಾತನ್ನು ಸತಿಯು ಮನ್ನಿಸಿದಳು, ಇಲ್ಲಿ ಸತಿಯ ಮಾತನ್ನು ಪತಿಯು ಮನ್ನಿಸಿದನು. ಧರ್ಮಗಳು ಬೇರೆಯಾದರೂ ಮಗುವಿನ ವಿಷಯದಲ್ಲಿ ಇಬ್ಬರೂ ಕೂಡಿ ಆಲೋಚಿಸಿದರೆಂಬುದು ಸಮಾನವು.

ಆದರ್ಶವು ಎತ್ತರದಲ್ಲಿಯೇ ಇರಬೇಕೆಂದು ಕೆಲವರು ಆಕ್ಷೇಪಿಸಬಹುದು. ಇರಲಿ; ಆದರೆ ಎಫೆಸದವರಿಗೆ ಬರೆದ ಪತ್ರದಲ್ಲಿ ಪೌಲನು, ಕ್ರಿಸ್ತನು ಸಭೆಗಾಗಿ ತನ್ನನ್ನು ಒಪ್ಪಿಸಿಕೊಟ್ಟಂತೆ ಪತಿಯು ಪತ್ನಿಯನ್ನು ಪ್ರೀತಿಸಬೇಕೆಂದು ವಿಧಿಸಿದ್ದಾನೆ. ಈ ಎತ್ತರವನ್ನು ಮರೆತು ಆ ಎತ್ತರವನ್ನು ಮಾತ್ರ ಓದುವುದು ಅರ್ಧಪಾಠವು. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿಯ ಮನೆಗಳಲ್ಲಿ, ಅವು ಯಾವ ಮತದವೇ ಆಗಲಿ, ಕೂಸು ಅತ್ತಾಗ ಏಳುವವರು ಒಬ್ಬರೇ ಆಗಿರುವುದನ್ನು ಕಂಡವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ಆ ತಾಯಿಯ ಪ್ರಶ್ನೆಗೆ ತಡವಾಗಿಯಾದರೂ ನನ್ನ ಉತ್ತರವಿಷ್ಟೆ: ತಂಗೀ, ದೀಪಕ್ಕೆ ಎಣ್ಣೆ ಹಾಕುವ ಕೈ ಇನ್ನೊಂದಿದ್ದರೆ ನೀನು ಮಲಗಬಹುದು, ದೀಪವೂ ಆರದು. ಇತ್ಯಲಂ.