ಜಕ್ಕವಕ್ಕಿಯನ್ನು ಕಂಡವರಾರು?

ಕನ್ನಡ ಕಾವ್ಯವನ್ನು ಕ್ರಮವಾಗಿ ಓದಿದವನಿಗೆ ಹಕ್ಕಿಗಳ ಪರಿಚಯ ಸಾಕಷ್ಟಿರುತ್ತದೆ. ಹಾಲು ನೀರನ್ನು ಬೇರ್ಪಡಿಸುವ ಹಂಸ, ಬೆಳದಿಂಗಳನ್ನುಂಡು ಬದುಕುವ ಚಕೋರ, ಮಳೆಯ ಹನಿಗಾಗಿ ಬಾಯ್ದೆರೆದು ಕಾಯುವ ಚಾತಕ, ಇರುಳೆಲ್ಲ ಅಗಲಿ ಗೋಳಿಡುವ ಜಕ್ಕವಕ್ಕಿ, ಇವೆಲ್ಲ ಅವನಿಗೆ ಬಂಧುಗಳಿದ್ದಂತೆ. ಆದರೆ ಅದೇ ಓದುಗನನ್ನು ಮಾಗಿಯ ಒಂದು ಬೆಳಗ್ಗೆ ದರೋಜಿ ಕೆರೆಯ ಏರಿಯ ಮೇಲೆ ನಿಲ್ಲಿಸಿ, ನೀರಿನ ಮೇಲೆ ತೇಲುತ್ತಿರುವುದು ಯಾವುದು, ಕೆಸರಿನಲ್ಲಿ ಕೊಕ್ಕು ಆಡಿಸುತ್ತಿರುವುದು ಯಾವುದು ಎಂದು ಕೇಳಿ. ಬೆಳ್ಳಕ್ಕಿಯನ್ನು ಗುರುತಿಸಿಯಾನು, ಮಿಕ್ಕವೆಲ್ಲ ಅವನಿಗೆ ಬರಿಯ ‘ಯಾವುದೋ ಹಕ್ಕಿ’. ನಮ್ಮ ಸಾಹಿತ್ಯದಲ್ಲಿ ಹಕ್ಕಿಯಿಲ್ಲದ ಹೆಸರುಗಳೂ, ನಮ್ಮ ಕೆರೆಗಳಲ್ಲಿ ಹೆಸರಿಲ್ಲದ ಹಕ್ಕಿಗಳೂ ಬಹುಕಾಲದಿಂದ ಒಂದನ್ನೊಂದು ಸಂಧಿಸದೆ ಬಾಳುತ್ತ ಬಂದಿವೆ. ಈ ಅಗಲಿಕೆಯ ಕಾರಣವನ್ನೂ ಅದರಿಂದಾದ ನಷ್ಟವನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಕವಿಸಮಯದ ಮಾತು. ನಾಗವರ್ಮನ ‘ಕಾವ್ಯಾವಲೋಕನ’ದಲ್ಲಿ ಒಂದು ಅಧಿಕರಣವೇ ಇದಕ್ಕೆ ಮೀಸಲಾಗಿದೆ. ಲೋಕದಲ್ಲಿ ಇಲ್ಲದ್ದನ್ನು ಇದೆಯೆಂದೂ, ಇರುವುದನ್ನು ಇಲ್ಲವೆಂದೂ ಕವಿಗಳು ಒಪ್ಪಂದದಿಂದ ಹೇಳಬಹುದೆಂಬುದು ಅದರ ಸಾರ. ಇದನ್ನು ಸುಳ್ಳೆಂದು ಹಳಿಯುವುದು ಅರಸಿಕತನ. ಆದರೆ ಒಪ್ಪಂದಕ್ಕೂ ಒಂದು ಮೂಲವಿರಬೇಕಷ್ಟೆ? ಜಕ್ಕವಕ್ಕಿಯನ್ನೇ ತೆಗೆದುಕೊಳ್ಳೋಣ. ಸಂಸ್ಕೃತದ ಚಕ್ರವಾಕವೇ ಕನ್ನಡದ ಬಾಯಲ್ಲಿ ಜಕ್ಕವಕ್ಕಿಯಾಯಿತು. ಇದು ಕಲ್ಪನೆಯ ಹಕ್ಕಿಯಲ್ಲ; ಲಡಾಖ್, ಟಿಬೆಟ್ಟುಗಳ ಎತ್ತರದ ನೆಲದಲ್ಲಿ ಮರಿಮಾಡಿ ಚಳಿಗಾಲಕ್ಕೆ ಬಯಲಿಗಿಳಿದು ಬರುವ ಒಂದು ಬಾತು. ಮೈ ಕಿತ್ತಳೆ ಬೆರೆತ ಕಂದು, ತಲೆ ಮಾಸಲು ಬಿಳುಪು, ರೆಕ್ಕೆಯ ತುದಿ ಕಪ್ಪು. ಉತ್ತರ ಕರ್ನಾಟಕದ ಕೆರೆಗಳಿಗೂ ನದಿಗಳ ಮರಳು ದಡಗಳಿಗೂ ಇದು ಬರುತ್ತದೆ. ಜೊತೆ ಬಿಟ್ಟಿರುವುದು ಅಪರೂಪ. ಹಗಲು ದಡದಲ್ಲಿ ವಿಶ್ರಮಿಸಿ ಇರುಳಿನಲ್ಲಿ ಮೇವಿಗೆ ಹೋಗುವುದು ಅದರ ಸ್ವಭಾವ. ಮೇಯುತ್ತ ದೂರವಾದ ಗಂಡು ಹೆಣ್ಣುಗಳು ಕತ್ತಲೆಯಲ್ಲಿ ಒಂದನ್ನೊಂದು ಕೂಗಿ ಕರೆಯುತ್ತವೆ. ಹೊಳೆಯ ಮಗ್ಗುಲಲ್ಲಿ ಮಲಗಿ ಆ ಕೂಗನ್ನು ಕೇಳಿದ ಯಾರೋ ಒಬ್ಬ ಪುರಾತನನ ಮನಸ್ಸಿನಲ್ಲಿ ವಿರಹದ ಕತೆ ಹುಟ್ಟಿದ್ದರೆ ಅದರಲ್ಲಿ ಆಶ್ಚರ್ಯವೇನು? ಕವಿಸಮಯದ ಬುಡದಲ್ಲಿ ಒಂದು ಸಾಕ್ಷಾತ್ ಕೇಳ್ಮೆಯಿದೆ. ಮುಂದಿನವರು ಕತೆಯನ್ನು ಮಾತ್ರ ಉಳಿಸಿಕೊಂಡು ಕೂಗನ್ನು ಮರೆತರು. ಇಂದು ಮದುವೆಯ ಕರೆಯೋಲೆಗಳಲ್ಲಿಯೂ ವಧೂವರರು ‘ಜೋಡಿ ಜಕ್ಕವಕ್ಕಿಗಳು’. ಅಚ್ಚು ಹಾಕಿಸಿದವರಿಗೂ ಓದಿದವರಿಗೂ ಆ ಹಕ್ಕಿಯ ಬಣ್ಣ ಯಾವುದೆಂಬ ಕುತೂಹಲವೇ ಇಲ್ಲ.

ಹಂಸದ ಪಾಡು ಇನ್ನೂ ವಿಚಿತ್ರ. ‘ಮೇಘದೂತ’ದಲ್ಲಿ ರಾಜಹಂಸಗಳು ಮುಗಿಲಿನ ಜೊತೆಗೂಡಿ ಕೈಲಾಸದತ್ತ, ಮಾನಸ ಸರೋವರದತ್ತ ಹಾರುತ್ತವೆ. ಪಟ್ಟೆತಲೆ ಹೆಬ್ಬಾತು ಎಂದು ನಾವು ಈಗ ಕರೆಯುವ ಹಕ್ಕಿ ನಿಜವಾಗಿಯೂ ಟಿಬೆಟ್ಟಿನ ಆ ಸರೋವರಗಳ ಪ್ರದೇಶದಲ್ಲಿ ಮರಿಮಾಡುತ್ತದೆ. ಹಿಮಾಲಯವನ್ನು ದಾಟುವಾಗ ಏಳು ಸಾವಿರ ಮೀಟರಿಗೂ ಮೇಲೆ ಅದು ಹಾರಿದ್ದು ದಾಖಲಾಗಿದೆ; ತೆಳುಗಾಳಿಯಲ್ಲಿಯೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅದರ ರಕ್ತಕ್ಕೆ ಇದೆ. ಮಂಗೋಲಿಯದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿಸಿಕೊಂಡ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಂಡುಬಂದಿವೆ. ಪ್ರಾಚೀನರ ಹಂಸ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ, ಕೆ. ಎನ್. ದವೆಯವರು ಸಂಸ್ಕೃತ ಸಾಹಿತ್ಯದ ಹಕ್ಕಿಗಳನ್ನು ಕುರಿತು ೧೯೮೫ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ವಿಚಾರಿಸಿದ್ದಾರೆ. ಆ ಚರ್ಚೆ ಹೇಗೇ ಇರಲಿ, ಮಾನಸ ಸರೋವರದ ದಾರಿ ಬಲ್ಲ ಹಕ್ಕಿಯೊಂದು ಪ್ರತಿ ಚಳಿಗಾಲದಲ್ಲಿಯೂ ನಮ್ಮ ಕೆರೆಗೆ ಬರುತ್ತದೆಂಬುದಂತೂ ನಿಜ. ಆದರೆ ನಮ್ಮ ಕಣ್ಣಿನ ಮುಂದೆ ನಿಲ್ಲುವ ಹಂಸ ಯಾವುದು? ರವಿವರ್ಮ ೧೮೯೯ರಲ್ಲಿ ಬರೆದ ದಮಯಂತಿಯ ಚಿತ್ರದಲ್ಲಿರುವ, ಉದ್ದ ಕೊರಳಿನ ಅಚ್ಚಬಿಳಿಯ, ಯೂರೋಪಿನ ಕೊಳಗಳ ಹಕ್ಕಿ. ಪತ್ರಿಕೆಗಳಲ್ಲಿಯಾದರೋ ‘ರಾಜಹಂಸ’ವೆಂದರೆ ಗುಲಾಬಿ ಬಣ್ಣದ, ನೀಳಗಾಲಿನ, ಕೊಕ್ಕು ಬಾಗಿದ ಬೇರೆಯೇ ಒಂದು ಜಾತಿ. ಒಂದು ಹೆಸರು ಮೂರು ಹಕ್ಕಿಗಳ ಮೇಲೆ ಕುಳಿತು ಯಾವುದರ ಮೇಲೂ ನಿಲ್ಲದಾಗಿದೆ.

ಈಗ ಬಳ್ಳಾರಿಯ ನೆಲಕ್ಕೆ ಬರೋಣ. ಬಿಸಿಲು, ಬಂಡೆ, ಗಣಿಧೂಳು, ಇಷ್ಟೇ ಬಳ್ಳಾರಿಯೆಂದು ಹೊರಗಿನವರ ಎಣಿಕೆ. ಕಡಲು ಇಲ್ಲಿಂದ ಬಲುದೂರ, ಅಳಿವೆಯಿಲ್ಲ, ಉಬ್ಬರವಿಳಿತವಿಲ್ಲ. ಆದರೂ ಇಲ್ಲಿ ಒಂದು ನಿಧಾನವಾದ ಇಳಿತ ಉಂಟು. ಮಳೆಗಾಲದಲ್ಲಿ ತುಂಬಿದ ತುಂಗಭದ್ರಾ ಜಲಾಶಯದ ನೀರು, ಕಾಲುವೆಗಳಿಗೆ ಹರಿದ ಹಾಗೆಲ್ಲ, ಮಾಗಿಯಿಂದ ಬೇಸಿಗೆಯವರೆಗೆ ದಡದಿಂದ ಹಿಂದೆ ಸರಿಯುತ್ತ ಹೋಗುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ದಿನಕ್ಕೆರಡು ಬಾರಿ ತೆರೆದುಕೊಳ್ಳುವ ಕೆಸರು ಇಲ್ಲಿ ವರ್ಷಕ್ಕೊಮ್ಮೆ ತೆರೆದುಕೊಳ್ಳುತ್ತದೆ. ದೂರದಿಂದ ಬಂದ ಹಕ್ಕಿಗೆ ಬೇಕಾದುದು ಆ ಕೆಸರೇ. ೧೯೫೩ರಲ್ಲಿ ಅಣೆಕಟ್ಟಿನಿಂದ ನೀರು ಹರಿಯತೊಡಗಿದ ಮೇಲೆ ಕುರುಗೋಡಿನ ಬಂಡೆಗುಡ್ಡಗಳ ಮಗ್ಗುಲಿನಿಂದ ಸಿರುಗುಪ್ಪದವರೆಗೆ ಎರೆಹೊಲಗಳು ಎಷ್ಟೋ ಕಡೆ ಭತ್ತದ ಗದ್ದೆಗಳಾದವು. ಗದ್ದೆಯ ಬದುವಿನಲ್ಲಿ ಬೆಳ್ಳಕ್ಕಿ, ತೆಳುನೀರಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಗದ್ದೆಗೊರವ, ಕಾಲುವೆಯ ಮೇಲೆ ಮಿಂಚುಳ್ಳಿ, ಇವು ಇಂದು ಆ ಸೀಮೆಯ ದಿನನಿತ್ಯದ ನೋಟ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ೨೦೨೧ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಈಗ ವಿಜಯನಗರ ಜಿಲ್ಲೆಯದು. ಹೊಲಗಳಿಗೆ ನೀರುಣಿಸಲು ಹಿಂದಿನವರು ಕಟ್ಟಿದ, ನೂರು ಹೆಕ್ಟೇರಿಗೂ ತುಸು ಕಡಿಮೆಯ ಕೆರೆ ಅದು. ನೀರಿನಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಸಂಸಾರ ಹೂಡುತ್ತವೆ. ೨೦೨೪ರ ಜನವರಿಯಲ್ಲಿ ಈ ಕೆರೆಗೂ, ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆಗೂ, ಕಡಲ ಕರೆಯ ಅಘನಾಶಿನಿ ಅಳಿವೆಗೂ ಒಟ್ಟಿಗೇ ರಾಮ್ಸರ್ ಪಟ್ಟಿಯ ಮನ್ನಣೆ ದೊರೆಯಿತು. ಅಘನಾಶಿನಿಯದು ೪,೮೦೧ ಹೆಕ್ಟೇರು. ಮಾಗಡಿಯದು ಕೇವಲ ೫೪. ಗಾತ್ರದಲ್ಲಿ ಇಷ್ಟು ಅಂತರವಿದ್ದರೂ ಲೋಕದ ಲೆಕ್ಕದಲ್ಲಿ ಹಳ್ಳಿಯ ಕೆರೆ ಅಳಿವೆಯ ಸಾಲಿನಲ್ಲಿ ಕುಳಿತಿತು. ಸಾಹಿತ್ಯದ ಲೆಕ್ಕದಲ್ಲಿ ಇನ್ನೂ ಕುಳಿತಿಲ್ಲ ಎಂಬುದೇ ನನ್ನ ಆಕ್ಷೇಪ. ಕಡಲಿಗೂ ಹಿನ್ನೀರಿಗೂ ನಡುವಣ ಬಾಳಿಗೆ ಕಾರಂತರ ‘ಮರಳಿ ಮಣ್ಣಿಗೆ’ ಇದೆ. ಬಯಲುಸೀಮೆಯ ಕೆರೆಗೆ ಅಂಥದೊಂದು ಗದ್ಯ ದೊರೆತಿಲ್ಲ. ಕೆರೆ ನಮ್ಮಲ್ಲಿ ಬಂದರೆ ಹಾರವಾಗಿ ಬರುತ್ತದೆ, ಶಾಸನವಾಗಿ ಬರುತ್ತದೆ. ಮಾಗಿಯ ಬೆಳಗಿನ ಜೀವಂತ ನೀರಾಗಿ ಬರುವುದು ವಿರಳ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾವ್ಯವೇನು ಪಕ್ಷಿಶಾಸ್ತ್ರವೇ? ಕವಿ ದುರ್ಬೀನು ಹಿಡಿದು ಎಣಿಸಬೇಕೆ? ಬೇಡ. ಬೇಂದ್ರೆಯವರು ೧೯೩೨ರ ‘ಗರಿ’ಯಲ್ಲಿ ಹಾರಿಸಿದ ಕಾಲಪಕ್ಷಿಯ ಜಾತಿ ಯಾವುದೆಂದು ಕೇಳುವವನಿಗೆ ಕಾವ್ಯದ ಗಂಧವಿಲ್ಲ. ಆ ಹಕ್ಕಿ ದರ್ಶನದಲ್ಲಿ ಹುಟ್ಟಿದ್ದು. ಅದಕ್ಕೆ ಕೆರೆ ಬೇಕಿಲ್ಲ. ‘ಪಕ್ಷಿಕಾಶಿ’ (೧೯೪೬) ಎಂದು ಸಂಕಲನಕ್ಕೇ ಹೆಸರಿಟ್ಟ ಕುವೆಂಪು ಅವರ ದಾರಿ ಬೇರೆ. ‘ದೇವರು ರುಜು ಮಾಡಿದನು’ ಕವನದಲ್ಲಿ ತುಂಗಾನದಿಯ ಮೇಲೆ ಸಾಲುಗಟ್ಟಿ ಹಾರುವ ಬೆಳ್ಳಕ್ಕಿಗಳು ಮೊದಲು ಬೆಳ್ಳಕ್ಕಿಗಳು, ಆಮೇಲೆ ದೇವರ ರುಜು. ತಾವು ಕಂಡ ನದಿ, ಕಂಡ ಕಾಡು, ಕಂಡ ಹಕ್ಕಿ ಅಲ್ಲಿ ಇರುವುದರಿಂದಲೇ ರುಜುವಿಗೆ ನಂಬಿಕೆ ಬರುತ್ತದೆ. ಒಬ್ಬರದು ಒಳಗಣ್ಣು, ಇನ್ನೊಬ್ಬರದು ಹೊರಗಣ್ಣಿನಿಂದ ಒಳಕ್ಕೆ ಹೋದ ದಾರಿ. ಎರಡೂ ಸಾಚಾ. ನಾನು ದೂರುವುದು ಮೂರನೆಯ ಜಾತಿಯನ್ನು: ಕಾಣದೆಯೂ ಕಾಣಿಸದೆಯೂ ಹಿಂದಿನವರ ಪುಸ್ತಕದಿಂದ ಎರವಲು ತಂದ ಹಂಸ ಚಕೋರಗಳನ್ನು.

ಆ ತುಂಗೆಯೇ ಮುಂದೆ ಭದ್ರೆಯೊಡನೆ ಕೂಡಿ, ಜಲಾಶಯದಲ್ಲಿ ತಂಗಿ, ಸಿರುಗುಪ್ಪದ ಕಡೆಗೆ ಹರಿಯುತ್ತಾಳೆ; ಅಲ್ಲಿ ವೇದಾವತಿ, ಅಂದರೆ ಜನ ಹೇಳುವ ಹಗರಿ, ಅವಳನ್ನು ಸೇರುತ್ತದೆ. ಮೇಲುಹೊಳೆಯ ಬೆಳ್ಳಕ್ಕಿಗೆ ದೊರೆತ ಭಾಗ್ಯ ಕೆಳಹೊಳೆಯ ಹಕ್ಕಿಗೆ ದೊರೆಯಲಿಲ್ಲ. ಹೊಸಗನ್ನಡದ ಹಕ್ಕಿ ಬಹುಮಟ್ಟಿಗೆ ಮಲೆನಾಡಿನ ಹಕ್ಕಿ: ಕಾಜಾಣ, ಕಾಮಳ್ಳಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ಗದ್ಯಕ್ಕೆ ಹಕ್ಕಿ ನೋಡುವ ತಾಳ್ಮೆಯನ್ನು ಕಲಿಸಿದರು. ಅವರ ಹಕ್ಕಿಪುಸ್ತಕಗಳಲ್ಲಿ ಶಾಸ್ತ್ರವೂ ತಮಾಷೆಯೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತವೆ. ಹಕ್ಕಿಯನ್ನು ಉಪಮೆಯ ಊಳಿಗದಿಂದ ಬಿಡಿಸಿ ಅದರ ಪಾಡಿಗೆ ಬದುಕಲು ಬಿಟ್ಟದ್ದು ಅವರ ದೊಡ್ಡ ಕೊಡುಗೆ. ಆದರೆ ಅವರ ಮನೆಯೂ ಮೂಡಿಗೆರೆಯ ಕಾಫಿತೋಟದ ನೆರಳಿನಲ್ಲಿಯೇ ಇತ್ತು. ಬಯಲಿನ ಬೆಳಕಿನಲ್ಲಿ, ಮರೆಯಿಲ್ಲದ ನೀರಿನ ಮೇಲೆ, ಸಾವಿರಗಟ್ಟಲೆಯಾಗಿ ಕಾಣುವ ಹಕ್ಕಿಯ ಗದ್ಯವನ್ನು ಬಯಲಿನವರೇ ಬರೆಯಬೇಕು.

ಬರೆಯ ಹೊರಟವನಿಗೆ ಎದುರಾಗುವ ಮೊದಲ ತೊಡಕು ಹೆಸರಿನದು. ಹಕ್ಕಿಪುಸ್ತಕಗಳು ಒದಗಿಸುವ ಹೆಸರುಗಳಲ್ಲಿ ಎರಡು ಬಗೆ. ಒಂದು, ಇಂಗ್ಲಿಷಿನಿಂದ ಅಂಗಾಂಗವಾಗಿ ತರ್ಜುಮೆಗೊಂಡವು: ತಲೆಗೆ ಪಟ್ಟೆ, ಆದ್ದರಿಂದ ಪಟ್ಟೆತಲೆ, ಕುತ್ತಿಗೆಗೆ ಬಣ್ಣ, ಆದ್ದರಿಂದ ಬಣ್ಣದ ಕುತ್ತಿಗೆ. ಗುರುತಿಗೆ ಇವು ಸಾಕು. ಪಟ್ಟೆತಲೆ ಹೆಬ್ಬಾತೆಂಬ ಮಾತನ್ನು ನಾನೇ ಮೇಲೆ ಬಳಸಿದ್ದೇನೆ. ಆದರೆ ಇವು ಸತ್ತ ಹಕ್ಕಿಯನ್ನು ಮೇಜಿನ ಮೇಲಿಟ್ಟು ಕೊಟ್ಟ ಹೆಸರಿನಂತೆ ಕೇಳಿಸುತ್ತವೆ. ಇನ್ನೊಂದು, ಜನರ ಬಾಯಲ್ಲಿ ಹುಟ್ಟಿದವು. ಗುಳುಕ್ಕನೆ ಮುಳುಗಿ ಮತ್ತೆಲ್ಲೋ ಏಳುವ ಪುಟ್ಟ ನೀರಹಕ್ಕಿ ‘ಗುಳುಮುಳುಕ’. ಕರಿಯ ಮೈ ಹೊತ್ತು ನೀರೊಳಗೆ ಮೀನಟ್ಟುವುದು ‘ನೀರುಕಾಗೆ’. ಇಲ್ಲಿ ಹೆಸರೇ ಒಂದು ನೋಟ, ಹೆಸರೇ ಒಂದು ಸದ್ದು. ಸಾಹಿತಿಗೆ ಬೇಕಾದುದು ಈ ಎರಡನೆಯ ಬಗೆ. ಇವನ್ನು ಕೂಡಿಡಬೇಕಾದರೆ ಗ್ರಂಥಾಲಯಕ್ಕಿಂತ ಮೊದಲು ಮೀನುಗಾರನ ಬಳಿಗೆ, ಕುರಿಗಾಹಿಯ ಬಳಿಗೆ, ಗದ್ದೆಗೆ ನೀರು ಕಟ್ಟುವವನ ಬಳಿಗೆ ಹೋಗಬೇಕು.

ಇಂಥ ಹೆಸರುಗಳಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದುದು ‘ಎರೆಭೂತ’. ಇದು ನೀರಹಕ್ಕಿಯಲ್ಲ; ಎರೆಯ ಬಯಲಿನಲ್ಲಿ ಸುಮಾರು ಮೀಟರಿನಷ್ಟು ಎತ್ತರ ನಿಲ್ಲುವ, ಭಾರವಾದ, ಸಂಕೋಚದ ಹಕ್ಕಿ. ಸಲೀಂ ಅಲಿಯವರು ಇದನ್ನು ರಾಷ್ಟ್ರಪಕ್ಷಿಯನ್ನಾಗಿ ಮಾಡಬೇಕೆಂದಿದ್ದರು. ೧೯೬೩ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಇಡೀ ದೇಶದಲ್ಲಿ ಇಂದು ನೂರೈವತ್ತರ ಆಸುಪಾಸಿನಲ್ಲಿರುವ ಈ ಹಕ್ಕಿಗೆ ಕರ್ನಾಟಕದಲ್ಲಿ ಕಡೆಯ ಆಸರೆಯಾದದ್ದು ಸಿರುಗುಪ್ಪದ ಎರೆಹೊಲ. ಬಿಸಿಲು ಕುಣಿಯುವ ಬಯಲಿನಲ್ಲಿ ಥಟ್ಟನೆ ಎದ್ದು ನಿಂತು ಮರುಗಳಿಗೆಯಲ್ಲಿ ಇಲ್ಲವಾಗುವುದನ್ನು ಕಂಡ ರೈತ ಇಟ್ಟ ಹೆಸರು ಇದು. ಒಂದೇ ಮಾತಿನಲ್ಲಿ ನೆಲ, ಗಾತ್ರ, ಬೆರಗು, ತುಸು ಭಯ ಎಲ್ಲವೂ ಅಡಗಿವೆ. ಕಾಲುವೆಯ ನೀರು ಬಾತು ಬೆಳ್ಳಕ್ಕಿಗಳಿಗೆ ಹೊಸ ನೆಲೆ ಕೊಟ್ಟಿತು. ಅದೇ ನೀರು ಎರೆಯ ಬಯಲನ್ನು ಗದ್ದೆಯಾಗಿಸಿ ಈ ಹಕ್ಕಿಯ ನೆಲೆಯನ್ನು ಕಿರಿದುಗೊಳಿಸಿತು. ಮಿಕ್ಕ ಬಯಲಿನ ಮೇಲೆ ಹಾಯುವ ವಿದ್ಯುತ್ ತಂತಿಗಳು ಅದರ ಪ್ರಾಣಕ್ಕೆ ಎರವಾಗುತ್ತಿವೆ. ಅನ್ನ ಕೊಟ್ಟ ನೀರನ್ನು ಯಾರೂ ದೂರಲಾರರು. ಆದರೆ ಒಂದರ ಗಳಿಕೆಯಲ್ಲಿ ಇನ್ನೊಂದರ ಕಳವಳ ಬೆರೆತಿರುವ ಈ ಇಕ್ಕಟ್ಟು ಕಾದಂಬರಿಗೆ ವಸ್ತುವಲ್ಲವೆ? ರಾಜಮನೆತನಗಳ ಕತೆಯನ್ನು ಎಷ್ಟೋ ಸಲ ಹೇಳಿದ ಸೀಮೆ ಇದು. ತನ್ನ ಹೊಲದ ಕತೆಯನ್ನೂ ಹೇಳಬೇಕು.

ಜಕ್ಕವಕ್ಕಿಯ ವಿಷಯದಲ್ಲಿ ಹಕ್ಕಿ ಇದ್ದೂ ನಮ್ಮ ಮಾತು ಬರಿಯ ಉಪಮೆಯಾಯಿತು. ಎರೆಭೂತದ ವಿಷಯದಲ್ಲಿ ಮಾತು ಇನ್ನೂ ಬಿಸಿಯಾಗಿರುವಾಗಲೇ ಹಕ್ಕಿ ಇಲ್ಲವಾಗುವ ಭಯವಿದೆ. ಇದು ಅರಣ್ಯ ಇಲಾಖೆಯ ಚಿಂತೆ ಮಾತ್ರವಲ್ಲ. ಜೀವ ಹೋದ ಮೇಲೆ ಉಳಿಯುವ ಪದಕ್ಕೆ ನಿಘಂಟಿನಲ್ಲಿ ಜಾಗವಿದ್ದೀತು. ‘ಒಂದು ಬಗೆಯ ಹಕ್ಕಿ’ ಎಂದು ಅರ್ಥ ಬರೆದು ಕೈತೊಳೆದುಕೊಳ್ಳುವುದು ನಮ್ಮ ನಿಘಂಟುಗಳಿಗೆ ಹೊಸದಲ್ಲ. ಬಳ್ಳಾರಿ ಸೀಮೆಯ ತರುಣ ಲೇಖಕರು ಬರುವ ಮಾಗಿಯಲ್ಲಿ ಒಂದಿಷ್ಟು ಬೆಳಗುಗಳನ್ನು ದರೋಜಿಯಲ್ಲಿ, ಅಂಕಸಮುದ್ರದಲ್ಲಿ, ಹಗರಿಯ ಮರಳಿನಲ್ಲಿ ಕಳೆಯಲಿ. ಪದ್ಯವೇ ಆಗಬೇಕೆಂದಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುವ ನಾಲ್ಕು ಪುಟ ಗದ್ಯ ಬಂದರೂ ಸಾಕು. ಆಗ ‘ಒಂದು ಬಗೆಯ ಹಕ್ಕಿ’ ಎಂಬಲ್ಲಿ ಬರೆಯಲು ನಿಘಂಟುಕಾರನಿಗೂ ಏನಾದರೂ ದೊರೆತೀತು.