ಕುದುರೆಯ ಹಾದಿಯ ಕಷ್ಟ: ಎರಡು ಪ್ರವಾಸ ಗ್ರಂಥಗಳ ವಿವೇಚನೆ

ಪ್ರವಾಸ ಗ್ರಂಥಗಳನ್ನು ಓದುವವರಲ್ಲಿ ಎರಡು ಬಗೆಯವರುಂಟು. ದೂರದ ನಾಡಿನ ವಿಚಾರವನ್ನು ತಿಳಿಯಬೇಕೆಂದು ಓದುವವರು ಕೆಲವರು. ಪ್ರವಾಸಿಯು ಪಟ್ಟ ಪಾಡನ್ನು ಕೇಳಿ ರೋಮಾಂಚಗೊಳ್ಳಬೇಕೆಂದು ಓದುವವರು ಹಲವರು. ಈ ಎರಡನೆಯ ಬಗೆಯ ವಾಚಕರಿಂದಾಗಿಯೇ ಕಷ್ಟವೆಂಬುದು ಪ್ರವಾಸ ಗ್ರಂಥಕ್ಕೆ ಒಂದು ಅಲಂಕಾರವಾಗಿಬಿಟ್ಟಿದೆ. ಹಸಿವು, ಚಳಿ, ಬಾಯಾರಿಕೆ, ಕಳ್ಳರ ಭಯ ಇವು ಎಷ್ಟು ಹೆಚ್ಚಿದರೆ ಗ್ರಂಥದ ಬೆಲೆಯೂ ಅಷ್ಟು ಹೆಚ್ಚೆಂದು ಭಾವಿಸುವುದು ವಾಡಿಕೆಯಾಗಿದೆ. ಆದರೆ ಕಷ್ಟವನ್ನು ಅನುಭವಿಸುವುದು ಒಂದು, ಅದನ್ನು ಬರೆಯುವುದು ಮತ್ತೊಂದು. ಇವೆರಡರ ಅಂತರವನ್ನು ಅಳೆಯಬೇಕಾದರೆ ಒಂದೇ ದಾರಿಯನ್ನು ಜೊತೆಯಾಗಿ ನಡೆದ ಇಬ್ಬರು ಬೇರೆಬೇರೆಯಾಗಿ ಬರೆದ ಗ್ರಂಥಗಳು ಬೇಕು. ಅಂಥ ಜೋಡಿ ಅಪೂರ್ವ. 1935ರಲ್ಲಿ ಚೀನಾದ ಪೀಕಿಂಗಿನಿಂದ ನಮ್ಮ ಕಾಶ್ಮೀರದ ಶ್ರೀನಗರದವರೆಗೆ ಸಾಗಿದ ಪೀಟರ್ ಫ್ಲೆಮಿಂಗ್ ಮತ್ತು ಎಲಾ ಮಯಾರ್ ಇಬ್ಬರೂ ನಮಗೆ ಆ ಸೌಕರ್ಯವನ್ನು ಒದಗಿಸಿದ್ದಾರೆ.

ಫ್ಲೆಮಿಂಗ್ ಇಂಗ್ಲೆಂಡಿನವರು, ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರರು. ಮಯಾರ್ ಸ್ವಿಟ್ಜರ್ಲೆಂಡಿನ ಮಹಿಳೆ. 1924ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಹಾಯಿದೋಣಿಯ ಸ್ಪರ್ಧೆಗೆ ನಿಂತಿದ್ದವರು, ಹಿಮದ ಮೇಲೆ ಜಾರುವ ಕ್ರೀಡೆಯಲ್ಲಿಯೂ ನಿಪುಣೆ. ಒಬ್ಬರಿಗೆ ಅಲ್ಪಸ್ವಲ್ಪ ಚೀನೀ ಭಾಷೆ, ಮತ್ತೊಬ್ಬರಿಗೆ ರಷ್ಯನ್ ಭಾಷೆ ಬರುತ್ತಿತ್ತು. ಇಬ್ಬರೂ ಒಂಟಿಯಾಗಿ ತಿರುಗುವುದರಲ್ಲಿ ಹೆಸರಾದವರೇ. ಅವಶ್ಯಕತೆಯೇ ಇವರನ್ನು ಜೊತೆಗೂಡಿಸಿತು. ಫ್ಲೆಮಿಂಗರ ಗ್ರಂಥ ‘ನ್ಯೂಸ್ ಫ್ರಂ ಟಾರ್ಟರಿ’ 1936ರಲ್ಲಿ ಹೊರಬಂದಿತು. ಮಯಾರ್ ಅವರ ಗ್ರಂಥ ಫ್ರೆಂಚಿನಲ್ಲಿ ಬರೆದುದು; ‘ಫರ್ಬಿಡನ್ ಜರ್ನಿ’ ಎಂಬ ಇಂಗ್ಲಿಷ್ ಅನುವಾದವಾಗಿ 1937ರಲ್ಲಿ ಪ್ರಕಟವಾಯಿತು. ನಡೆದ ದಾರಿ ಸುಮಾರು 3,500 ಮೈಲಿ. ಹಿಡಿದ ಕಾಲ ಏಳು ತಿಂಗಳು.

ದಾರಿಯ ಸ್ವರೂಪವನ್ನು ಮೊದಲು ತಿಳಿಯಬೇಕು. ಸಿಂಕಿಯಾಂಗ್ ಪ್ರಾಂತ್ಯದಲ್ಲಿ 1933-34ರಲ್ಲಿ ನಡೆದ ದಂಗೆಗಳಿಂದಾಗಿ ಅಲ್ಲಿಗೆ ಹೋಗುವ ರಾಜಮಾರ್ಗ ಪರದೇಶದವರಿಗೆ ಮುಚ್ಚಿಹೋಗಿತ್ತು. ಆದಕಾರಣ ಇವರು ಹಿತ್ತಿಲ ಬಾಗಿಲನ್ನು ಹುಡುಕಿದರು. ರೈಲು, ಲಾರಿಗಳಲ್ಲಿ ಲಾಂಜೋ ಪಟ್ಟಣದವರೆಗೆ ಹೋಗಿ, ಹೇಸರಗತ್ತೆಗಳೊಡನೆ ಶೀನಿಂಗಿಗೆ ಸಾಗಿ, ಅಲ್ಲಿಂದ ಕೋಕೋನಾರ್ ಸರೋವರದ ದಡವನ್ನು ಹಾದು, ತ್ಸೈದಾಂ ಎಂಬ ಎತ್ತರದ ಜವುಗು ಬಯಲನ್ನು ದಾಟಿ, ಟಿಬೆಟ್ಟಿನ ಉತ್ತರದ ಅಂಚಿನ ಪರ್ವತಗಳ ನಡುವೆ ನುಸುಳಿ ಚರ್ಚೆನ್ ಎಂಬ ಮರಳುಗಾಡಿನ ಊರಿಗೆ ಇಳಿದರು. ಮುಂದೆ ಖೋತಾನ್, ಯಾರ್ಕಂದ್, ಕಾಷ್ಗರ್. ಬಳಿಕ ಮಿಂಟಾಕಾ ಕಣಿವೆಯ ಮೂಲಕ ಗಿಲ್ಗಿಟ್, ಕಡೆಗೆ ಶ್ರೀನಗರ.

ಈ ದಾರಿಯಲ್ಲಿ ಎದುರಾದ ಕಷ್ಟಗಳನ್ನು ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಕಾಗದಪತ್ರದ ಕಷ್ಟ. ಸಿಂಕಿಯಾಂಗಿಗೆ ಹೋಗಲು ಬೇಕಾದ ರಹದಾರಿ ಇವರ ಬಳಿ ಇರಲಿಲ್ಲ. ಲಾಂಜೋವಿನಲ್ಲಿ ತಡೆ, ಶೀನಿಂಗಿನಲ್ಲಿ ತಡೆ. ದಾರಿ ತೋರಿಸಲು ಜೊತೆಗೆ ಬಂದಿದ್ದ ರಷ್ಯನ್ ದಂಪತಿಗಳನ್ನು ಲಾಂಜೋವಿನಿಂದಲೇ ಹಿಂದಕ್ಕೆ ಕಳುಹಿಸಲಾಯಿತು. ಎರಡನೆಯದು ಪ್ರಕೃತಿಯ ಕಷ್ಟ: ಎದುರು ಗಾಳಿ, ವಸಂತ ಕಳೆಯುತ್ತ ಬಂದರೂ ಬಿಡದ ಹಿಮ, ಉಪ್ಪು ನೀರು, ಒಲೆಗೆ ಒಣ ಲದ್ದಿಯಲ್ಲದೆ ಬೇರೆ ಸೌದೆಯಿಲ್ಲದ ನೆಲ. ಮೂರನೆಯದು ಮೇವಿನ ಕಷ್ಟ. ನಮ್ಮ ದೃಷ್ಟಿಯಲ್ಲಿ ಇದೇ ಈ ಎರಡು ಗ್ರಂಥಗಳ ಜೀವಾಳ.

ಕುದುರೆಯ ಮೇಲಿನ ದೂರದ ಪ್ರಯಾಣವೆಂದರೆ ಲಗಾಮು ಹಿಡಿದು ನಾಗಾಲೋಟದಲ್ಲಿ ಸಾಗುವುದೆಂದು ನಮ್ಮ ಮಕ್ಕಳು ಕಲ್ಪಿಸಿಕೊಳ್ಳುತ್ತಾರೆ. ನಿಜವಾಗಿ ಅದೊಂದು ಲೆಕ್ಕಾಚಾರ. ದುಡಿಯುವ ಕುದುರೆಗೆ ಹುಲ್ಲು ಸಾಲದು, ಕಾಳು ಬೇಕು. ಕಾಳು ಸಿಗದ ನಾಡಿನಲ್ಲಿ ಅದನ್ನು ಒಂಟೆಯ ಮೇಲೆ ಹೊರಿಸಿಕೊಂಡು ಹೋಗಬೇಕು. ಚಳಿಗಾಲ ಮುಗಿಯುವ ಹೊತ್ತಿಗೆ ಒಂಟೆಗಳು ಬಡಕಲಾಗಿರುತ್ತವೆ, ಅವುಗಳ ಡುಬ್ಬದ ಕೊಬ್ಬು ಕರಗಿರುತ್ತದೆ. ಅಷ್ಟು ಎತ್ತರದಲ್ಲಿ ಹೊಸ ಹುಲ್ಲು ಚಿಗುರುವುದು ಬೇಸಗೆ ಬಲಿತ ಮೇಲೆ. ಒಂದು ದಿನ ತಂಗಿದರೆ ಪ್ರಾಣಿಗೆ ವಿಶ್ರಾಂತಿಯಾದೀತು, ಆದರೆ ಚೀಲದ ಕಾಳು ಒಂದು ದಿನದಷ್ಟು ಕರಗುತ್ತದೆ. ತಂಗದೆ ನಡೆದರೆ ಕಾಳು ಉಳಿಯುತ್ತದೆ, ಪ್ರಾಣಿ ಬೀಳುತ್ತದೆ. ಈ ಲೆಕ್ಕ ಯಾವ ಕಡೆಯಿಂದ ಮಾಡಿದರೂ ಹೊಂದುವುದಿಲ್ಲ. ಸ್ಲಾಲಂ ಎಂದು ಪ್ರೀತಿಯಿಂದ ಕರೆಸಿಕೊಂಡ ಕುದುರೆ ಪರ್ವತಗಳ ನಡುವೆ ಕುಸಿದು ಹಿಂದುಳಿದದ್ದು ಈ ಲೆಕ್ಕದ ಫಲವಾಗಿ. ಮನುಷ್ಯರ ಪಾಡು ಇಷ್ಟು ಕಠಿಣವಾಗಿರಲಿಲ್ಲ. ಹುರಿಹಿಟ್ಟು, ಚಹಾ, ಫ್ಲೆಮಿಂಗರ ಚಿಕ್ಕ ಕೋವಿಗೆ ಸಿಕ್ಕಿದ ಬಾತುಕೋಳಿ ಅಥವಾ ಮೊಲ, ಇಷ್ಟರಿಂದ ಅವರ ಹೊಟ್ಟೆ ಹೇಗೋ ತುಂಬುತ್ತಿತ್ತು.

ಈಗ ಬರವಣಿಗೆಯ ವಿಚಾರ. ಫ್ಲೆಮಿಂಗರದು ಕಷ್ಟವನ್ನು ಕುಗ್ಗಿಸಿ ಹೇಳುವ ಮಾರ್ಗ. ತಮ್ಮ ಪ್ರಯಾಣ ಮಹಾಸಾಹಸವಲ್ಲವೆಂದು ಅವರು ಮತ್ತೆಮತ್ತೆ ಸೂಚಿಸುತ್ತಾರೆ. ತಮ್ಮನ್ನೇ ಹಾಸ್ಯ ಮಾಡಿಕೊಳ್ಳುತ್ತಾರೆ. ಅವರಿಗೆ ಬೇಗ ಊರು ಸೇರುವ ಆತುರ. ಡೇರೆಯಲ್ಲಿ ಕುಳಿತು ಮೆಕಾಲೆಯ ಇಂಗ್ಲೆಂಡಿನ ಚರಿತ್ರೆಯನ್ನು ಓದುವವರು. ಈ ಶೈಲಿಯ ಗುಣ ಸ್ಪಷ್ಟ: ಆತ್ಮಪ್ರಶಂಸೆಯ ವಾಸನೆಯಿಲ್ಲ, ವಾಕ್ಯಗಳು ಚುರುಕು, ರಾಜಕೀಯ ಸ್ಥಿತಿಯ ವಿವರಣೆ ವಿಶದ. ದೋಷವೂ ಅದರಲ್ಲಿಯೇ ಇದೆ. ಎಲ್ಲವನ್ನೂ ನಗೆಯ ತಕ್ಕಡಿಯಲ್ಲಿ ತೂಗಿದರೆ ನಗೆಗೆ ಒಳಪಡದ ಸಂಗತಿಗಳೂ ಹಗುರವಾಗಿ ತೋರುತ್ತವೆ. ಒಂಟೆಯಾಳುಗಳ ಗೊಣಗಾಟ, ಮಾರ್ಗದರ್ಶಿಗಳ ಹಿಂಜರಿಕೆ ಇವು ಅವರಿಗೆ ವಿನೋದದ ವಸ್ತು. ಆದರೆ ಹಿಂಜರಿದವನಿಗೂ ಒಂದು ಲೆಕ್ಕವಿತ್ತು: ಬಿದ್ದುಹೋದ ಒಂಟೆ ಅವನ ಬದುಕಿನ ಬಂಡವಾಳ. ಕುದುರೆಯನ್ನು ಬಿಟ್ಟುಬರುವ ಪ್ರಸಂಗದಲ್ಲಿ ಮಾತ್ರ ಈ ಲೇಖಕರ ವಿನೋದ ಬಾಯಿ ಮುಚ್ಚುತ್ತದೆ. ಅವರ ಗ್ರಂಥದ ಉತ್ತಮ ಪುಟಗಳಲ್ಲಿ ಅವು ಸೇರಿರುವುದು ಆಕಸ್ಮಿಕವಲ್ಲ.

ಮಯಾರ್ ಅವರ ದೃಷ್ಟಿ ಬೇರೆ. ಆಕೆಗೆ ಆತುರವಿಲ್ಲ; ದಾರಿ ಮುಗಿಯುವುದೇ ಆಕೆಗೆ ದುಃಖ. ಅಡುಗೆ, ಹೊಲಿಗೆ, ಗಾಯಗಳಿಗೆ ಔಷಧೋಪಚಾರ ಇವು ಆಕೆಯ ಪಾಲಿಗೆ ಬಂದವು. ಆದ್ದರಿಂದ ಜನರ ಮನೆಯೊಳಗನ್ನು, ಕೈಗಳನ್ನು, ಹುಣ್ಣುಗಳನ್ನು ಆಕೆ ಹತ್ತಿರದಿಂದ ಕಂಡರು. ಪ್ರಾಣಿಗಳ ಬೆನ್ನಿನ ಗಾಯ, ಕಾಳಿನ ಅಳತೆ ಆಕೆಯ ಬರವಣಿಗೆಯಲ್ಲಿ ಮುಖ್ಯ ಸಂಗತಿಗಳು. ಕಟ್ಟಡದಲ್ಲಿ ಈ ಗ್ರಂಥ ಫ್ಲೆಮಿಂಗರದಷ್ಟು ಬಿಗಿಯಲ್ಲ; ವಿವರಗಳು ಕೆಲವೆಡೆ ರಾಶಿಯಾಗಿ ಬಿದ್ದಿವೆ. ಆದರೂ ಕಷ್ಟದ ತಿಳಿವಳಿಕೆಯಲ್ಲಿ ಇದು ಒಂದು ಹೆಜ್ಜೆ ಮುಂದಿದೆ. ಇಲ್ಲಿ ಕಷ್ಟವು ಲೇಖಕಿಯ ಸಹನೆಯ ಪ್ರದರ್ಶನವಾಗದೆ ಆ ನೆಲದಲ್ಲಿ ಬಾಳುವುದರ ಬೆಲೆ ಏನೆಂಬುದನ್ನು ತೋರಿಸುತ್ತದೆ.

ಇಷ್ಟಾದರೂ ಎರಡೂ ಗ್ರಂಥಗಳಿಗೆ ಸಮಾನವಾದ ಒಂದು ಮಿತಿಯುಂಟು. ಇವರ ಕಷ್ಟ ಇವರೇ ಆರಿಸಿಕೊಂಡದ್ದು. ಕಾಷ್ಗರಿನಲ್ಲಿ ಬ್ರಿಟಿಷ್ ಕಾನ್ಸಲರ ಮನೆ, ಸ್ನಾನ, ಮೇಜಿನ ಊಟ ಕಾದಿದ್ದವು. ಒಂಟೆಯಾಳಿಗೆ ಅಂಥ ಕಾಷ್ಗರ್ ಇಲ್ಲ. ಅವನು ಕೂಲಿ ಪಡೆದು ಅದೇ ಗಾಳಿಗೆ ಮುಖವೊಡ್ಡಿ ಹಿಂತಿರುಗಬೇಕು. ಅವನು ಗ್ರಂಥ ಬರೆಯಲಿಲ್ಲ. ಮೂರನೆಯ ಗ್ರಂಥವೊಂದು ಬರೆಯದೆ ಉಳಿದಿದೆ ಎಂಬ ಅರಿವಿನಿಂದಲೇ ನಾವು ಈ ಎರಡನ್ನು ಓದಬೇಕು.

ಹೋಲಿಕೆಗೆ ಹಳೆಯ ಚೀನೀ ಗ್ರಂಥವೊಂದನ್ನು ತೆಗೆದುಕೊಳ್ಳಬಹುದು. ಕ್ರಿ.ಶ. 629ರ ಸುಮಾರಿಗೆ ಹ್ಯೂಯೆನ್ ತ್ಸಾಂಗನೂ ರಾಜಾಜ್ಞೆಯನ್ನು ಮೀರಿ, ರಹದಾರಿಯಿಲ್ಲದೆಯೇ ಗಡಿ ದಾಟಿದವನು. ಅವನ ಶಿಷ್ಯವರ್ಗದ ಹುಯಿಲಿಯು ಬರೆದ ಜೀವನಚರಿತ್ರೆಯಲ್ಲಿ ಕುದುರೆಯೊಂದರ ಪ್ರಸಂಗವಿದೆ. ಆ ಮರುಭೂಮಿಯ ದಾರಿಯನ್ನು ಹದಿನೈದು ಬಾರಿ ನಡೆದಿದ್ದ ಮುದಿ ಕೆಂಗುದುರೆಯನ್ನು ಒಬ್ಬ ವೃದ್ಧನು ಅವನಿಗೆ ಕೊಟ್ಟು, ಅವನ ಎಳೆಯ ಕುದುರೆಯನ್ನು ತಾನು ಪಡೆದನು. ಮುಂದೆ ನೀರಿನ ಚೀಲ ಕೈಜಾರಿ ಬರಿದಾಯಿತು. ನಾಲ್ಕು ರಾತ್ರಿ, ಐದು ಹಗಲು ಒಂದು ತೊಟ್ಟು ನೀರಿಲ್ಲ. ಆಮೇಲೆ ಆ ಕುದುರೆ ಸವಾರನ ಮಾತು ಕೇಳದೆ ತಾನೇ ದಾರಿ ಬದಲಿಸಿ ಹುಲ್ಲು, ನೀರು ಇದ್ದ ಕಡೆಗೆ ಅವನನ್ನು ಮುಟ್ಟಿಸಿತು. ಇಲ್ಲಿ ಪ್ರಾಣಿಯೇ ಗುರು, ಸವಾರನೇ ಶಿಷ್ಯ. ಭಕ್ತನ ಬರವಣಿಗೆಯಾದ್ದರಿಂದ ಇದರಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಪ್ರಯಾಣದ ಜ್ಞಾನ ಯಾರಲ್ಲಿದೆ ಎಂಬ ವಿಷಯದಲ್ಲಿ ಇದು ಆಧುನಿಕ ಗ್ರಂಥಗಳಿಗಿಂತ ನೇರವಾಗಿದೆ. ಹ್ಯೂಯೆನ್ ತ್ಸಾಂಗನು ಹಿಂತಿರುಗಿದ್ದು ಖೋತಾನ್, ಚರ್ಚೆನ್ ದಾರಿಯಲ್ಲಿಯೇ. ಅವನು ಕಂಡ ಚರ್ಚೆನ್ ಜನರಿಲ್ಲದೆ ಬರಿಯ ಗೋಡೆಗಳು ನಿಂತಿದ್ದ ಪಟ್ಟಣ. 1935ರ ಜೂನ್ ತಿಂಗಳಲ್ಲಿ ಅದೇ ಹೆಸರಿನ ಊರು ನಮ್ಮ ಪ್ರವಾಸಿಗಳಿಗೆ ಮರದ ನೆರಳನ್ನು ನೀಡಿತು.

ಗಡಿನಾಡಿನ ಅಧ್ಯಾಪಕರಾದ ನಮಗೆ ಈ ಹೋಲಿಕೆಯಿಂದ ಒಂದು ಪ್ರಯೋಜನವುಂಟು. ಇಮ್ಮಡಿ ಪುಲಿಕೇಶಿಯ ನಾಡನ್ನು ಕಂಡ ಹ್ಯೂಯೆನ್ ತ್ಸಾಂಗನು ಅದನ್ನು ಮಹಾರಾಷ್ಟ್ರವೆಂದು ಕರೆದನು. ಅರಸನು ಬಾದಾಮಿಯ ಚಾಲುಕ್ಯನು. ಈ ಒಂದು ಮಾತನ್ನು ಗಡಿಯ ಎರಡೂ ಕಡೆಯವರು ತಮ್ಮತಮ್ಮ ಅನುಕೂಲಕ್ಕೆ ಎಳೆದಾಡುವುದುಂಟು. ಒಂದೇ ಡೇರೆಯಲ್ಲಿ ಮಲಗಿದ ಇಬ್ಬರು ಒಂದೇ ದಿನವನ್ನು ಎರಡು ಬಗೆಯಾಗಿ ಬರೆದಿರುವಾಗ, ಒಬ್ಬನೇ ಪ್ರವಾಸಿಯ ಒಂದೇ ಮಾತಿನ ಮೇಲೆ ಒಂದು ನಾಡಿನ ಹಕ್ಕನ್ನು ಕಟ್ಟುವುದು ಎಷ್ಟರಮಟ್ಟಿಗೆ ಸರಿ? ಪ್ರವಾಸಿಯ ಸಾಕ್ಷ್ಯವನ್ನು ಶಾಸನದೊಡನೆ, ಸ್ಥಳದ ಜನರ ಮಾತಿನೊಡನೆ ತಾಳೆ ನೋಡಿಯೇ ಸ್ವೀಕರಿಸಬೇಕೆಂಬುದನ್ನು ವಿದ್ಯಾರ್ಥಿಗಳಿಗೆ ಕಲಿಸಲು ಇವಕ್ಕಿಂತ ಉತ್ತಮ ಪಾಠ ಸಿಗಲಾರದು.

ಆ ಹಾದಿ ಈಗ ಬದಲಾಗಿದೆ. 2022ರ ಜೂನ್ ತಿಂಗಳಲ್ಲಿ ಖೋತಾನಿನಿಂದ ಚರ್ಚೆನ್ ಮಾರ್ಗವಾಗಿ ಪೂರ್ವಕ್ಕೆ 825 ಕಿಲೋಮೀಟರ್ ಉದ್ದದ ರೈಲುದಾರಿ ತೆರೆಯಿತು. ಪರ್ವತಗಳನ್ನು ದಾಟುವ ವಾಹನಗಳು ಮಿಂಟಾಕಾವನ್ನು ಬಿಟ್ಟು ಖುಂಜರಾಬ್ ಕಣಿವೆಯನ್ನು ಹಿಡಿದಿವೆ. ಕುದುರೆಯ ಲೆಕ್ಕ ಯಾರಿಗೂ ಬೇಕಿಲ್ಲ. ಹೀಗಿರುವಾಗ ಈ ಗ್ರಂಥಗಳಲ್ಲಿ ಬಾಳುವ ಅಂಶ ಯಾವುದು? ಮೈಲಿಗಳ ಸಂಖ್ಯೆಯಲ್ಲ, ಸಾಹಸದ ಹೆಮ್ಮೆಯಲ್ಲ. ತನ್ನ ಹಸಿವಿನ ಮೂಲಕ ಜೊತೆಯವರ ಹಸಿವನ್ನು ಎಷ್ಟು ದೂರ ಕಂಡರೋ ಅಷ್ಟೇ ಉಳಿಯುತ್ತದೆ. ಆ ಅಳತೆಯಲ್ಲಿ ಫ್ಲೆಮಿಂಗರ ಗ್ರಂಥವನ್ನು ಗದ್ಯದ ಸೊಗಸಿಗಾಗಿ, ಮಯಾರ್ ಅವರ ಗ್ರಂಥವನ್ನು ಕಣ್ಣಿನ ಕರುಣೆಗಾಗಿ ಓದಬೇಕು; ಓದುವವರು ಎರಡನ್ನೂ ಒಟ್ಟಿಗೆ ಓದಬೇಕು. ಪ್ರೌಢಶಾಲೆಯಲ್ಲಿ ಪ್ರವಾಸ ಕಥನದ ಪಾಠ ಬಂದಾಗ ‘ಪ್ರವಾಸಿಯು ಪಟ್ಟ ಕಷ್ಟಗಳಾವುವು?’ ಎಂಬ ಪ್ರಶ್ನೆಯನ್ನು ನಾವೆಲ್ಲರೂ ಕೇಳುತ್ತೇವೆ. ಅದರೊಡನೆ ‘ಆತನಿಗಾಗಿ ಯಾರು ಯಾರು ಕಷ್ಟಪಟ್ಟರು?’ ಎಂಬ ಪ್ರಶ್ನೆಯನ್ನೂ ಕೇಳುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬರಲೆಂದು ಹಾರೈಸುತ್ತೇನೆ.