ಬದುಕಿದ್ದವರ ಶ್ರಾದ್ಧ: ಗಿರೀಶ ಕಾಸರವಳ್ಳಿಯವರ ಚಿತ್ರಗಳಲ್ಲೊಂದು ಸೂತ್ರ

ಗಿರೀಶ ಕಾಸರವಳ್ಳಿಯವರ ಚಿತ್ರಗಳ ವಸ್ತುವೈವಿಧ್ಯ ಮೇಲ್ನೋಟಕ್ಕೇ ಎದ್ದು ಕಾಣುವಂಥದು. ‘ಘಟಶ್ರಾದ್ಧ’ (1977) ಮಲೆನಾಡಿನ ವೇದಪಾಠಶಾಲೆಯ ಕಥೆ. ‘ತಬರನ ಕಥೆ’ (1986) ಕಚೇರಿಯ ಕಡತಗಳದು. ‘ದ್ವೀಪ’ (2002) ಅಣೆಕಟ್ಟಿನ ನೀರಿಗೆ ಸಿಕ್ಕಿದ ಊರಿನದು. ‘ಗುಲಾಬಿ ಟಾಕೀಸ್’ (2008) ಕರಾವಳಿಯ ಮುಸ್ಲಿಂ ಸೂಲಗಿತ್ತಿಯೊಬ್ಬಳದು. ಮೂಲ ಕೃತಿಗಳ ಕರ್ತೃಗಳಾದ ಅನಂತಮೂರ್ತಿ, ಪೂರ್ಣಚಂದ್ರ ತೇಜಸ್ವಿ, ನಾ. ಡಿಸೋಜ, ವೈದೇಹಿ ಇವರ ಮನೋಧರ್ಮಗಳೂ ಭಿನ್ನವಾದುವು. ಇವೆಲ್ಲವನ್ನೂ ಹೆಣೆಯುವ ಸೂತ್ರವೊಂದುಂಟೆ? ಉಂಟೆಂದೇ ನಮ್ಮ ಭಾವನೆ. ಅದು ಮೊದಲ ಕಥಾಚಿತ್ರದ ಹೆಸರಿನಲ್ಲಿಯೇ ಅಡಗಿದೆ.

ಬದುಕಿರುವವರನ್ನು ಸತ್ತರೆಂದು ಎಣಿಸಿ ಸಮಾಜದಿಂದ ಹೊರಹಾಕುವ ವಿಧಿಯೇ ಘಟಶ್ರಾದ್ಧ. ಗರ್ಭಿಣಿಯಾದ ಬಾಲವಿಧವೆ ಯಮುನೆಗೆ ಹೆತ್ತ ತಂದೆಯೇ ಅದನ್ನು ಮಾಡುತ್ತಾನೆ. ಅಲ್ಲಿ ಮಂತ್ರ ಮಾಡಿದ ಕೆಲಸವನ್ನು ‘ತಬರನ ಕಥೆ’ಯಲ್ಲಿ ಕಡತ ಮಾಡುತ್ತದೆ. ಬ್ರಿಟಿಷರ ಕಾಲದಿಂದ ದುಡಿದ ಜವಾನ ತಬರಶೆಟ್ಟಿ ನಿವೃತ್ತಿವೇತನಕ್ಕಾಗಿ ಅಲೆಯುತ್ತಾನೆ. ಹಣ ಕೈಸೇರುವ ಮೊದಲೇ ಹೆಂಡತಿ ತೀರಿಕೊಳ್ಳುತ್ತಾಳೆ. ಆತನಿಗೆ ಅನ್ಯಾಯ ಮಾಡಿದವರು ಯಾರೆಂದು ಬೆರಳಿಟ್ಟು ತೋರಿಸುವಂತಿಲ್ಲ. ಎಲ್ಲರೂ ನಿಯಮವನ್ನು ಪಾಲಿಸಿದವರೇ. ‘ದ್ವೀಪ’ದಲ್ಲಿ ಅದೇ ಕೆಲಸ ಪರಿಹಾರದ ಲೆಕ್ಕದ ಪಾಲಿಗೆ ಬಂದಿದೆ: ಮನೆ ಮರಗಳಿಗೆ ಬೆಲೆ ಕಟ್ಟಬಹುದು, ಊರಿನಲ್ಲಿ ಮನುಷ್ಯನಿಗಿದ್ದ ಸ್ಥಾನಕ್ಕೆ ಕಟ್ಟುವುದೆಂತು? ನೀರಿನೊಡನೆ ಹೆಣಗಿ ಮನೆಯನ್ನು ಉಳಿಸಿದ ನಾಗಿಯ ಶ್ರಮವನ್ನು ಕಡೆಗೆ ಗಂಡನೇ ದೈವದ ಖಾತೆಗೆ ಬರೆಯುತ್ತಾನೆ. ಆಕೆಯನ್ನು ಲೆಕ್ಕದಿಂದ ಬಿಟ್ಟದ್ದು ಸರಕಾರವೊಂದೇ ಅಲ್ಲ.

‘ಗುಲಾಬಿ ಟಾಕೀಸ್’ ಇತಿಹಾಸದ ಅಭ್ಯಾಸಿಗಳು ವಿಶೇಷವಾಗಿ ಗಮನಿಸತಕ್ಕ ಚಿತ್ರ. ಮೂಲಕಥೆಯಲ್ಲಿ ಊರಿಗೆ ಬರುವುದು ಚಿತ್ರಮಂದಿರ. ಕಾಸರವಳ್ಳಿಯವರು ಅದನ್ನು 1999ರ ಕಾರ್ಗಿಲ್ ಯುದ್ಧದ ಸಮಯಕ್ಕೆ ತಂದು, ಗುಲಾಬಿಯ ಮನೆಯಲ್ಲಿ ಟೆಲಿವಿಷನ್ ಇರಿಸುತ್ತಾರೆ. ಅದರ ಮುಂದೆ ಕೂಡಿದ ನೆರೆಹೊರೆಯೇ ಮುಂದೆ ಆಕೆಯನ್ನು ಅನ್ಯಳೆಂದು ಕಾಣತೊಡಗುತ್ತದೆ. ಊರಿನ ಮಕ್ಕಳನ್ನು ಮೊದಲು ಎತ್ತಿಕೊಂಡ ಕೈಗಳಿಗೆ ಊರಿನಲ್ಲಿಯೇ ಎಡೆಯಿಲ್ಲವಾಗುತ್ತದೆ. ಕಾಲದ ಈ ಬದಲಾವಣೆಯಿಂದ ಕಥೆಯ ಅರ್ಥವೇ ಬೇರೆಯಾಗಿದೆ. ಬಹಿಷ್ಕಾರವು ಹಳೆಯ ಅಗ್ರಹಾರದ ದೋಷ, ಆಧುನಿಕತೆ ಅದಕ್ಕೆ ಮದ್ದು ಎಂಬ ಸುಲಭ ಸಮಾಧಾನವನ್ನು ಚಿತ್ರ ನಮಗೆ ಉಳಿಸುವುದಿಲ್ಲ.

ಒಂದು ಆಕ್ಷೇಪಕ್ಕೆ ಅವಕಾಶವುಂಟು. ಹೊರಹಾಕಲ್ಪಟ್ಟವರ ಸಂಕಟ ನಿಚ್ಚಳವಾಗಿ ಮೂಡುವಷ್ಟು, ಹೊರಹಾಕುವ ವ್ಯವಸ್ಥೆಯ ಒಳಗುಟ್ಟು ಈ ಚಿತ್ರಗಳಲ್ಲಿ ಮೂಡುವುದಿಲ್ಲ. ‘ದ್ವೀಪ’ದಲ್ಲಿ ಮುಳುಗುವವರನ್ನು ಕಾಣುತ್ತೇವೆ, ಆ ನೀರಿನಿಂದ ಲಾಭ ಪಡೆಯುವವರು ತೆರೆಯ ಹೊರಗೇ ಉಳಿಯುತ್ತಾರೆ. ಆದರೆ ಆ ಲಾಭದ ಲೆಕ್ಕ ಸರಕಾರಿ ದಾಖಲೆಗಳಲ್ಲಿ ಸಿಕ್ಕೀತು. ನಾಗಿ ಅಲ್ಲಿ ಸಿಕ್ಕುವವಳಲ್ಲ.

ದಾಖಲೆಗಳನ್ನೇ ನಂಬಿ ಚರಿತ್ರೆ ಬರೆಯುವ ನಮಗೆ ಇದು ಎಚ್ಚರಿಕೆಯ ಮಾತು. ತಬರನನ್ನು ಅಲೆಸಿದ ಕಡತವೇ ನಾಳೆ ನಮ್ಮ ಆಧಾರಗ್ರಂಥವಾಗಬಹುದು. ಅದನ್ನು ಓದುವಾಗ, ಅದರೊಳಗೆ ಯಾರ ಶ್ರಾದ್ಧ ನಡೆದಿದೆಯೆಂದು ಕೇಳಿಕೊಳ್ಳದಿದ್ದರೆ, ಆ ವಿಧಿಗೆ ನಾವೂ ಪುರೋಹಿತರಾದೇವು.